ಕರೆದು ಉಣ್ಣಿಸುವವರು

ಹೆಬ್ಬಾಲೆ
2-8-2021

ಚಿ. ಉಷಾಗೆ ಅಕ್ಕ ಗಂಗಮ್ಮ ಬರೆಯುವುದು.

ಇಲ್ಲಿ ನಾನೂ ಸುನಿಲನೂ, ತಾಯಿ ಮಗ ಇಬ್ಬರೇ ಇದ್ದೇವೆ. ಕಕ್ಕಬೆಯಲ್ಲಿ ನೀನೂ ತೀರ್ಥಪ್ರಸಾದರೂ ಹೇಗಿದ್ದೀರಿ ಬರೆ.

ಫೋನ್ ಬಿಟ್ಟು ಅಕ್ಕನಿಗೇಕೆ ಕಾಗದದ ಹುಚ್ಚು ಎಂದುಕೊಳ್ಳಬೇಡ. ನಿನ್ನ ಭಾವನ ಮೊಬೈಲನ್ನು ಆಫ್ ಮಾಡಿ ಬೀರುವಿನಲ್ಲಿ ಇಟ್ಟಿದ್ದೇನೆ. ಅವರು ಹೋದಮೇಲೂ ಶುಂಠಿ ವ್ಯಾಪಾರದವರು ಅದಕ್ಕೆ ಫೋನ್ ಮಾಡಿ "ಕೃಷ್ಣಪ್ಪ ಅವ್ರಾ?" ಎನ್ನುತ್ತಿದ್ದರು. ಸುನಿಲನ ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಅಳುವುದೇ ಆಗುತ್ತದೆ, ಅವನು ಎದ್ದು ಹೊರಗೆ ಹೋಗಿಬಿಡುತ್ತಾನೆ. ಬರೆಯುವಾಗ ಅಷ್ಟು ಅಳು ಬರುವುದಿಲ್ಲ. ದಿನಾ ಸಾಯಂಕಾಲ ಸುನಿಲನ ಹಳೆಯ ನೋಟ್ ಪುಸ್ತಕದಲ್ಲಿ ಎರಡು ಸಾಲು ಬರೆದಿಡುತ್ತೇನೆ. ಏಳನೇ ಕ್ಲಾಸಿನ ಅಕ್ಷರ, ನೀನು ನಗಬಹುದು.

ಬರುವ ಆರನೇ ತಾರೀಕಿಗೆ ಅವರು ಹೋಗಿ ಮೂರು ತಿಂಗಳಾಗುತ್ತದೆ ಎಂದು ಮೊನ್ನೆ ಬರೆದಿಟ್ಟೆ. ಅವರ ಮುಖವನ್ನು ಕೊನೆಗೆ ನೋಡಲಿಲ್ಲ ಎನ್ನುವುದನ್ನೂ ಬರೆದೆ. ಆಂಬುಲೆನ್ಸಿಗೆ ಹತ್ತುವಾಗ "ಶುಂಠಿ ಬೀಜದ ಮೇಲೆ ಗೋಣಿ ಹೊದಿಸು" ಎಂದರು. ಅದೇ ಕೊನೆಯ ಮಾತು. ಆಮೇಲೆ ಯಾರೋ ಹುಡುಗರು ಮಡಿಕೇರಿಯಲ್ಲಿ ಎಲ್ಲ ಮುಗಿಸಿ, ಬೂದಿ ತಂದು ಗೇಟಿನ ಹೊರಗೆ ಇಟ್ಟುಹೋದರು. ತಿಥಿಗೆ ನಾಲ್ಕು ಜನ. ನಿನಗೂ ಬರಲು ಪಾಸು ಸಿಗಲಿಲ್ಲ.

ಪಕ್ಕದ ಮನೆಯ ಕಾಳಮ್ಮ ನಿನ್ನೆ ಬೇಲಿಯ ಹತ್ತಿರ ನಿಂತಿದ್ದಳು. ಮೊಮ್ಮಗುವಿಗೆ ಹೆಸರಿಡುತ್ತಾರಂತೆ.

"ಗಂಗಾ, ಭಾನ್ವಾರ ನಾಮಕರಣ. ಬಾರೇ ಅನ್ನೋಕೆ ನಂಗೆ ಬಾಯಿಲ್ಲ. ನಿನ್ ತವರಿನೋರು ಇನ್ನೂ ಬಂದಿಲ್ವಲ್ಲ."

"ಬರ್ತಾರೆ ಬಿಡಕ್ಕ. ಈಗ ತಾನೇ ಬಸ್ಸು ಬಿಟ್ಟವ್ರೆ."

"ಬಸ್ಸು ಬಿಟ್ಟು ತಿಂಗ್ಳಾಯ್ತು," ಎಂದಳು. ಅವಳ ನಾಲಿಗೆ ನಿನಗೆ ಗೊತ್ತಲ್ಲ. ಆದರೆ ಹೋಳಿಗೆಯನ್ನು ಡಬ್ಬಿಯಲ್ಲಿ ಹಾಕಿ ಬೇಲಿಯ ಮೇಲಿಂದ ಕೊಡುತ್ತೇನೆ ಎಂದಿದ್ದಾಳೆ.

ನಮ್ಮ ಅವ್ವ ಸತ್ತಾಗ ಅಪ್ಪ ಯಾರ ಮನೆಯ ಹೊಸಿಲನ್ನೂ ತುಳಿಯದೆ ಕೂತಿದ್ದರು. ಕೊನೆಗೆ ಸೋದರಮಾವ ಅರಕಲಗೂಡಿನಿಂದ ಬಂದು, ಅಪ್ಪನನ್ನೂ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ, ಎಣ್ಣೆ ಹಚ್ಚಿ ನೀರು ಹಾಕಿಸಿ, ಉಣ್ಣಿಸಿ ಕಳಿಸಿದರು. ಆಮೇಲೆ ತಾನೇ ನಾವು ನಾಲ್ಕು ಜನರ ಮನೆಗೆ ಹೋಗಿದ್ದು. ಸಾವಾದ ಮನೆಯವರು ತಾವಾಗಿ ಎದ್ದು ಹೋಗುವ ಹಾಗಿಲ್ಲ. ತವರಿನವರು ಬಂದು ಕರೆದು ಉಣ್ಣಿಸಬೇಕು. ಈಗ ನನಗೆ ತವರು ಎಂದರೆ ನೀನೊಬ್ಬಳೇ.

ಇದನ್ನು ಬಾಯಿಬಿಟ್ಟು ಕೇಳಬಾರದು. ಕಾಳಮ್ಮನ ಮಾತು ಬಂತು, ಅದಕ್ಕೆ ಬರೆದೆ.

ನಿನ್ನ ಅಕ್ಕ


ಕಕ್ಕಬೆ
16-8-2021

ಅಕ್ಕನಿಗೆ ಉಷಾಳ ನಮಸ್ಕಾರ.

ನಿನ್ನ ಕಾಗದ ಸಿಕ್ಕಿತು. ಪೋಸ್ಟಿನವರು "ಏನ್ ಉಷಕ್ಕ, ನಿಮಗೂ ಕಾಗದ ಬರೆಯೋರಿದ್ದಾರಾ?" ಎಂದು ನಗಾಡಿದರು. ನಿನ್ನ ಅಕ್ಷರ ಚೆನ್ನಾಗಿಯೇ ಇದೆ.

ಇಲ್ಲಿ ಮಳೆ ಬಿಟ್ಟಿಲ್ಲ. ನನಗೆ ಲಸಿಕೆಯ ಕೆಲಸ ಬೆಳಗ್ಗೆಯಿಂದ ಸಂಜೆಯವರೆಗೆ. ಆಶಾ ಕಾರ್ಯಕರ್ತೆ ಎಂದರೆ ಈಗ ಮನೆಮನೆ ಸುತ್ತಿ ಜನರ ಕಾಲು ಹಿಡಿಯುವುದೇ ಕೆಲಸ. ಪೊನ್ನಪ್ಪ ಎಂದು ಒಬ್ಬರು ಮಿಲಿಟರಿಯಲ್ಲಿದ್ದ ಅಜ್ಜ ಇದ್ದಾರೆ. ಮೂರು ಸಲ ಹೋದೆ. "ಸೂಜಿ ನೀನೇ ಇಟ್ಕೊ ಮಗ, ನನಗೆ ರಮ್ಮಿನ ಬಾಟ್ಲಿ ಕೊಡು" ಎನ್ನುತ್ತಾರೆ. ನಾಲ್ಕನೇ ಸಲ ಹೆಂಡತಿಯೇ ಕತ್ತಿ ಹಿಡಿದು ಅವರನ್ನು ಗದರಿಸಿ ಸೂಜಿಗೆ ಕಳಿಸಿದರು. ಈಗ ಆ ಅಜ್ಜನೇ ಅಂಗಡಿಯಲ್ಲಿ ಕೂತು ಎಲ್ಲರಿಗೂ ಬುದ್ಧಿ ಹೇಳುತ್ತಾರೆ.

ನೀನು ಇನ್ನೂ ಹಾಕಿಸಿಕೊಂಡಿಲ್ಲ ಎಂದು ಸುನಿಲ ಹೇಳಿದ. ತಪ್ಪು ಅಕ್ಕ. ನಿಮ್ಮಿಬ್ಬರಿಗೂ ಜ್ವರ ಬಂದು ಹೋಗಿ ಮೂರು ತಿಂಗಳಾಗಿದೆ, ಈಗ ಹಾಕಿಸಿಕೊಳ್ಳಬಹುದು. ಒಂದು ಡೋಸ್ ಆದಮೇಲೆ ಮಾಸ್ಕ್ ಹಾಕಿಕೊಂಡು ಹೊರಗೆ ಓಡಾಡು. ನಾಮಕರಣಕ್ಕೆ ಹೋಗಬೇಕಿತ್ತು. ಮನೆಯೊಳಗೇ ಕೂತರೆ ಮನಸ್ಸಿಗೆ ಒಳ್ಳೆಯದಲ್ಲ ಎಂದು ನಮಗೆ ಟ್ರೈನಿಂಗಿನಲ್ಲೂ ಹೇಳಿದ್ದಾರೆ. ಕರೆಯುವುದು, ಉಣ್ಣಿಸುವುದು ಇದನ್ನೆಲ್ಲ ಈ ಕಾಲದಲ್ಲಿ ಯಾರು ನೋಡುತ್ತಾರೆ? ಎಷ್ಟು ಮನೆಗಳಲ್ಲಿ ಹೀಗಾಗಿದೆ, ಎಲ್ಲರೂ ಕಾಯುತ್ತ ಕೂತರೆ ಆಗುತ್ತದಾ?

ಮಳೆ ನಿಂತಮೇಲೆ ನೋಡೋಣ. ಮಡಿಕೇರಿ ರಸ್ತೆಯಲ್ಲಿ ಮತ್ತೆ ಮಣ್ಣು ಜರಿದಿದೆ ಎನ್ನುತ್ತಾರೆ.

ಇವರು ನಿನಗೆ ನಮಸ್ಕಾರ ಹೇಳಿದ್ದಾರೆ.

ಉಷಾ


ಹೆಬ್ಬಾಲೆ
9-9-2021

ಉಷಾ,

ನಿನ್ನ ಕಾಗದವನ್ನು ಸುನಿಲನಿಗೂ ಓದಿ ಹೇಳಿದೆ. ಪೊನ್ನಪ್ಪನ ಕಥೆಗೆ ನಕ್ಕ. ಅವನು ನಕ್ಕಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ನಿನ್ನ ಕಾಗದದಲ್ಲಿ ಭಾವ ಎನ್ನುವ ಮಾತು ಒಂದು ಸಲವೂ ಇಲ್ಲ. ನನಗೆ ನೋವಾಗುತ್ತದೆ ಎಂದು ಬಿಟ್ಟಿದ್ದೀಯ. ಬಿಡಬೇಡ. ಊರಿನವರೆಲ್ಲ ಹಾಗೇ ಬಿಟ್ಟಿದ್ದಾರೆ. ನಿನಗಾದರೂ ಅವರ ಬಗ್ಗೆ ಮಾತಾಡುವ ಬಾಯಿ ಇರಲಿ.

ಒಂದನೇ ತಾರೀಕು ಶಾಲೆಯಲ್ಲಿ ಸೂಜಿ ಹಾಕಿಸಿಕೊಂಡೆ. ಶಾಲೆ ಯಾರ ಮನೆಯೂ ಅಲ್ಲವಲ್ಲ, ಅಲ್ಲಿಗೆ ಹೋಗಬಹುದು. ಕಾಳಮ್ಮನೂ ಬಂದಿದ್ದಳು. ಅವಳ ರವಿಕೆಯ ತೋಳು ಮೇಲೇರದೆ ನರ್ಸ್ ಹುಡುಗಿ ಒದ್ದಾಡುತ್ತಿದ್ದಳು.

"ಅಜ್ಜಿ, ಸ್ವಲ್ಪ ಸಡಿಲ ಬಿಡಿ."

"ಐವತ್ತು ವರ್ಷ ಶುಂಠಿ ಕಿತ್ತಿರೋ ತೋಳು ಕಣಮ್ಮ. ನಿನ್ ಸೂಜೀನೇ ಬಗ್ಗುತ್ತೆ, ನೋಡ್ಕೊ."

ಎಲ್ಲರೂ ನಕ್ಕರು. ನಾನೂ ನಕ್ಕೆನೋ ಏನೋ. ಆಮೇಲೆ ಬರೆದುಕೊಳ್ಳುವವನು ಮೊಬೈಲ್ ನಂಬರ್ ಕೇಳಿದ. ನನಗೆ ಬಾಯಿಪಾಠ ಇರುವುದು ಅವರ ನಂಬರ್ ಒಂದೇ. ಅದನ್ನೇ ಹೇಳಿದೆ. ಅದಕ್ಕೆ ಬರುವ ಓಟಿಪಿ ಬೇಕು ಎಂದ. ಸುನಿಲ ಮನೆಗೆ ಓಡಿಹೋಗಿ ಮೊಬೈಲ್ ತಂದು ಆನ್ ಮಾಡಿದ. ನಾಲ್ಕು ತಿಂಗಳ ಮೆಸೇಜುಗಳು ಒಟ್ಟಿಗೆ ಬಂದವು. ಅವರ ಫೋಟೊ ಇತ್ತು, ಟ್ರ್ಯಾಕ್ಟರಿನ ಮೇಲೆ ಕೂತದ್ದು. ಅಷ್ಟು ಜನರ ಮುಂದೆ ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಸೂಜಿಗೆ ಹೆದರಿದ್ದಾಳೆ ಎಂದುಕೊಂಡರು.

ನೀನು ಹಬ್ಬಕ್ಕೆ ಬರಬಹುದು ಎಂದು ಸುನಿಲ ಹೇಳುತ್ತಿದ್ದ. ಇವತ್ತು ಗೌರಿ, ನಾಳೆ ಗಣೇಶನ ಹಬ್ಬ. ನಮಗೆ ಈ ವರ್ಷ ಇಲ್ಲ. ನೀನು ಬಂದರೆ ಹಬ್ಬ ಮಾಡಲೆಂದಲ್ಲ.

ನನಗೆ ಒಂದು ಅನುಮಾನ. ನಮ್ಮ ಮನೆಯಲ್ಲಿ ಕಾಯಿಲೆ ಇದ್ದದ್ದಕ್ಕೆ ನಿನಗೆ ಹೆದರಿಕೆಯಾ? ಅಥವಾ ತೀರ್ಥಪ್ರಸಾದರು ಬೇಡ ಎನ್ನುತ್ತಾರಾ? ಹಾಗಿದ್ದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ನೀನು ಹತ್ತು ಮನೆ ಸುತ್ತುವವಳು, ಹುಷಾರಾಗಿರಬೇಕು.

ಅಕ್ಕ


ಕಕ್ಕಬೆ
28-9-2021

ಅಕ್ಕ,

ಹಾಗೇನೂ ಇಲ್ಲ. ಇವರು ಏನೂ ಹೇಳಿಲ್ಲ. ಕೆಲಸ ಹೆಚ್ಚು. ತಿಂಗಳಾದರೂ ರಜೆ ಕೊಟ್ಟಿಲ್ಲ. ಎರಡನೇ ಡೋಸಿಗೆ ಎಂಬತ್ನಾಲ್ಕು ದಿನ ಆಗಬೇಕು. ತಪ್ಪದೆ ಹಾಕಿಸಿಕೊ. ಶುಂಠಿ ಕೀಳುವಾಗ ಆಳುಗಳ ಜೊತೆ ಮಾಸ್ಕ್ ಹಾಕಿಕೊ. ಬಿಸಿನೀರು ಕುಡಿ. ಸುನಿಲನನ್ನು ಕೇಳಿದೆ ಎಂದು ಹೇಳು.

ಉಷಾ


ಹೆಬ್ಬಾಲೆ
6-12-2021

ಚಿ. ಉಷಾಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಎಂಬತ್ನಾಲ್ಕು ದಿನ ಆಗಲಿ, ಆಮೇಲೆ ಬರೆಯೋಣ ಎಂದು ಕಾದೆ.

ನವೆಂಬರ್ ಇಪ್ಪತ್ತಾರಕ್ಕೆ ಎರಡನೆಯ ಸೂಜಿ ಆಯಿತು. ಸರ್ಟಿಫಿಕೇಟಿನ ಜೆರಾಕ್ಸನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ, ಸುನಿಲನದೂ ಇದೆ. ಕುಶಾಲನಗರದಲ್ಲಿ ಮಾಡಿಸಿಕೊಂಡು ಬಂದ. ತೀರ್ಥಪ್ರಸಾದರಿಗೂ ತೋರಿಸು.

ಮನೆಗೆ ಒಳಗೂ ಹೊರಗೂ ಸುಣ್ಣ ಬಳಿಸಿದೆ. ಭಾವ ಮಲಗುತ್ತಿದ್ದ ಕೋಣೆಯನ್ನು ಫಿನಾಯಿಲ್ ಹಾಕಿ ಮೂರು ಸಲ ತೊಳೆದೆ. ಅವರ ಹಾಸಿಗೆ, ದಿಂಬು, ಎರಡು ಕಂಬಳಿ, ಮಫ್ಲರ್ ಎಲ್ಲವನ್ನೂ ಹಿತ್ತಲಲ್ಲಿ ಹಾಕಿ ಸುಟ್ಟೆ. ಆಂಬುಲೆನ್ಸ್ ಬರುವ ಹಿಂದಿನ ದಿನ ಬಿಚ್ಚಿಟ್ಟ ಒಂದು ಅಂಗಿ ಇತ್ತು. ಅದನ್ನು ಒಗೆಯದೆ ಇಟ್ಟುಕೊಂಡಿದ್ದೆ. ಕಾಲರಿನಲ್ಲಿ ಇನ್ನೂ ಅವರ ವಾಸನೆ ಇತ್ತು. ಅದನ್ನು ಕೊನೆಗೆ ಹಾಕಿದೆ.

ಸುನಿಲ ಹೊಲದಿಂದ ಹೊಗೆ ನೋಡಿ ಓಡಿಬಂದ.

"ಏನವ್ವ ಮಾಡ್ತಿದ್ಯಾ? ಅಪ್ಪನ್ ಅಂಗಿ ಕಣವ್ವ ಅದು!"

"ಗೊತ್ತು ಕಣೋ."

"ಏಳು ತಿಂಗ್ಳು ಅಂಗೀಲಿ ವೈರಸ್ಸು ಕೂತಿರುತ್ತಾ? ತಲೆ ಕೆಟ್ಟಿದ್ಯಾ ನಿಂಗೆ?"

"ಕೂತಿರಲ್ಲ ಅಂತ ನಂಗೂ ಗೊತ್ತು. ನಿನ್ ಚಿಕ್ಕಮ್ಮನಿಗೆ ಧೈರ್ಯ ಬರ್ಲಿ ಅಂತ."

ಅವನು ಕೋಲಿನಿಂದ ಎಳೆಯಲು ನೋಡಿದ. ಆಗಲೇ ಒಂದು ತೋಳು ಉರಿದುಹೋಗಿತ್ತು.

ಈಗ ನಮ್ಮ ಮನೆಯಲ್ಲಿ ನೀನು ಹೆದರುವಂಥದ್ದು ಒಂದೂ ಇಲ್ಲ. ಕಕ್ಕಬೆಗೆ ಕರೆದುಕೊಂಡು ಹೋಗಬೇಕು ಎಂದೂ ಇಲ್ಲ. ನೀನು ಬಂದು, ಕುಶಾಲನಗರದ ಯಾವುದಾದರೂ ಹೋಟೆಲಿಗೆ ಕರೆದುಕೊಂಡು ಹೋಗಿ ಒಂದು ಊಟ ಕೊಡಿಸಿದರೂ ಸಾಕು. ನಾನು ಅದನ್ನೇ ತವರಿನ ಊಟ ಎಂದುಕೊಳ್ಳುತ್ತೇನೆ.

ಕೇಳಬಾರದು ಎಂದು ಬರೆದಿದ್ದೆ. ಕೇಳಿಬಿಟ್ಟೆ. ಏಳು ತಿಂಗಳಿಂದ ನಾನು ಯಾರ ಮನೆಯ ಒಳಗೂ ಕೂತಿಲ್ಲ ಉಷಾ. ಜನ ಮದುವೆಗೆ ಹೋಗುತ್ತಾರೆ, ಸಂತೆಗೆ ಹೋಗುತ್ತಾರೆ, ಒಬ್ಬರ ಮೈಮೇಲೆ ಒಬ್ಬರು ಬಿದ್ದು ಬಸ್ಸು ಹತ್ತುತ್ತಾರೆ. ಎಲ್ಲರಿಗೂ ಮುಗಿದುಹೋಗಿದೆ. ನಾನು ಬೇಲಿಯ ಈಚೆ ನಿಂತು ಡಬ್ಬಿ ಇಸಿದುಕೊಳ್ಳುತ್ತೇನೆ.

ಬಾ.

ಅಕ್ಕ


ಕಕ್ಕಬೆ
15-12-2021

ಅಕ್ಕ,

ಜೆರಾಕ್ಸ್ ನೋಡಿದೆ. ಅಂಗಿಯ ವಿಷಯ ಓದಿದೆ. ಇವತ್ತು ಬರೆಯದಿದ್ದರೆ ಇನ್ನು ಯಾವತ್ತೂ ಬರೆಯುವುದಿಲ್ಲ ಎಂದು ಬರೆಯುತ್ತಿದ್ದೇನೆ.

ಹೆದರಿಕೆ ನಿನ್ನ ಮನೆಯದಲ್ಲ.

ಈ ವರ್ಷದ ಯುಗಾದಿಯ ಹಿಂದಿನ ದಿನ ನಮ್ಮ ಜೊತೆ ಕೆಲಸ ಮಾಡುವವಳೊಬ್ಬಳಿಗೆ ಪಾಸಿಟಿವ್ ಬಂದಿತ್ತು. ನಮ್ಮೆಲ್ಲರದೂ ಸ್ಯಾಂಪಲ್ ತೆಗೆದರು. ನನಗೆ ಮೈ ಸ್ವಲ್ಪ ಬೆಚ್ಚಗಿತ್ತು, ಮಾತ್ರೆ ನುಂಗಿದ್ದೆ. ಸ್ಯಾಂಪಲ್ ಕೊಟ್ಟವರು ರಿಸಲ್ಟ್ ಬರುವವರೆಗೆ ಮನೆ ಬಿಟ್ಟು ಹೋಗಬಾರದು ಎಂದು ಊರಿಗೆಲ್ಲ ಹೇಳುವವಳು ನಾನೇ. ಆದರೆ ನನಗೆ ಮಾರ್ಚಿನಲ್ಲೇ ಎರಡೂ ಡೋಸ್ ಆಗಿತ್ತು. ನನಗೇನು ಬರುತ್ತದೆ ಎಂದುಕೊಂಡೆ. ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಊಟಕ್ಕೆ ಬಾ ಎಂದು ಭಾವ ಮೂರು ಸಲ ಫೋನ್ ಮಾಡಿದ್ದರು. ಬಂದೆ.

ಹೊಸತೊಡಕಿನ ದಿನ ಮಧ್ಯಾಹ್ನ ಊಟವಾದಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಮೆಸೇಜ್ ಬಂತು. ಪಾಸಿಟಿವ್. ಒಳಗೆ ಭಾವ ಬಾಡೂಟಕ್ಕೆ ಬಂದವರಿಗೆ ಎಲೆ ಅಡಿಕೆ ಕೊಡುತ್ತಿದ್ದರು. ಮಾರನೆಯ ದಿನದಿಂದ ಶುಂಠಿ ಬಿತ್ತನೆ, ಹದಿನಾಲ್ಕು ಆಳು ಹೇಳಿಟ್ಟಿದ್ದರು. ನಾನು ಹೇಳಿದರೆ ಗೇಟಿಗೆ ಕ್ವಾರಂಟೈನ್ ಪಟ್ಟಿ ಕಟ್ಟುತ್ತಾರೆ, ಆಳುಗಳು ಬರುವುದಿಲ್ಲ, ಊಟಕ್ಕೆ ಬಂದವರೆಲ್ಲ ನಿಮ್ಮನ್ನು ಬೈಯುತ್ತಾರೆ, ನನ್ನ ಕೆಲಸ ಹೋಗುತ್ತದೆ. ಇಷ್ಟೂ ಆ ನಲ್ಲಿಯ ಹತ್ತಿರವೇ ಹೊಳೆಯಿತು. ತಲೆನೋವು ಎಂದು ಹೇಳಿ ಸಂಜೆಯ ಬಸ್ಸಿಗೇ ಹೊರಟೆ. ಭಾವ ಬಸ್ ಸ್ಟ್ಯಾಂಡಿನವರೆಗೆ ಸ್ಕೂಟರಿನಲ್ಲಿ ಬಿಟ್ಟರು. "ಬಿಸಿಲು ಹೊಡ್ದದೆ ಕಣಮ್ಮ ನಿಂಗೆ" ಎಂದು ಎಳನೀರು ಕುಡಿಸಿದರು.

ಆಮೇಲೆ ಅವರಿಗೆ ಕೆಮ್ಮು ಎಂದು ನೀನು ಹೇಳಿದೆ. ದಿನಾ ಫೋನ್ ಮಾಡಿದೆ. ಪ್ರತಿ ದಿನ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಫೋನ್ ಎತ್ತುತ್ತಿದ್ದೆ. ನೀನು "ಪರವಾಗಿಲ್ಲ, ಕಷಾಯ ಕೊಟ್ಟಿದ್ದೀನಿ" ಎನ್ನುತ್ತಿದ್ದೆ. ನಾನು "ಹೂಂ" ಎನ್ನುತ್ತಿದ್ದೆ.

ಬೇರೆ ಯಾರಿಂದಲೋ ಬಂದಿರಬಹುದು. ಆಗ ಎಲ್ಲ ಕಡೆಯೂ ಇತ್ತು. ಹಾಗೆ ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ.

ಕರೆಯಲು ನಾನು ಹೇಗೆ ಬರಲಿ? ನಿನ್ನ ಕೈ ಹಿಡಿದು ಯಾವ ಬಾಯಲ್ಲಿ ಬಾ ಅಕ್ಕ ಎನ್ನಲಿ? ಇವರಿಗೂ ಇದು ಗೊತ್ತಿಲ್ಲ. ನೀನು ಬಾ ಎಂದರೆ ನಾಳೆಯೇ ಬರುತ್ತೇನೆ. ಎಣ್ಣೆ ಹಚ್ಚಿ ನೀರು ಹಾಕಿ ಉಣ್ಣಿಸುತ್ತೇನೆ. ಉಗಿದರೂ ಬರುತ್ತೇನೆ. ಒಂದು ಸಾಲು ಬರೆ.

ಉಷಾ


ಕಕ್ಕಬೆ
19-1-2022

ಅಕ್ಕ, ಒಂದು ಸಾಲು ಸಾಕು. ಬೈದು ಬರೆ. ಸುನಿಲನಿಗೆ ಫೋನ್ ಮಾಡಿದರೆ "ಅವ್ವ ಹುಷಾರಾಗಿದೆ, ಏನೋ ಮಾತು ಕಮ್ಮಿ" ಎನ್ನುತ್ತಾನೆ. ಅವನಿಗೆ ಹೇಳಿದ್ದೀಯಾ?

ಉಷಾ


ಹೆಬ್ಬಾಲೆ
10-4-2022

ಉಷಾರಾಣಿಗೆ,

ನಿನ್ನ ಎರಡೂ ಕಾಗದ ಸಿಕ್ಕಿದ್ದವು.

ಸುನಿಲನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಅವನಿಗೆ ಇಪ್ಪತ್ತಾರು ವರ್ಷ. ಆ ಸಿಟ್ಟನ್ನು ಹೊತ್ತುಕೊಂಡು ಅವನು ಎಷ್ಟು ದಿನ ಬದುಕಬೇಕು? ನೀನು ಬರೆದದ್ದನ್ನು ನಾನು ಒಲೆಗೆ ಹಾಕಿದೆ. ನನ್ನ ಪುಸ್ತಕದಲ್ಲೂ ಬರೆದಿಲ್ಲ.

ಕಾಯಿಲೆ ನೀನು ತಂದೆ ಎನ್ನುವುದಕ್ಕೆ ನನಗೆ ಸಿಟ್ಟಿಲ್ಲ. ಬೇಕೆಂದು ಯಾರೂ ತರುವುದಿಲ್ಲ. ನೀನು ಹೇಳುವ ಹಾಗೆ ಬೇರೆಯವರಿಂದಲೂ ಬಂದಿರಬಹುದು. ಆದರೆ ಕೆಮ್ಮು ಶುರುವಾದ ದಿನ ನಾನು ಶುಂಠಿ ಬೀಜದ ಧೂಳು ಎಂದುಕೊಂಡೆ. ಎಂಟು ದಿನ ಕಷಾಯ ಕುಡಿಸಿದೆ. ಮೆಣಸು, ತುಳಸಿ, ದೊಡ್ಡಪತ್ರೆ. ಅವರು ಕುಡಿಯಲಾರೆ ಎಂದರೆ ಗದರಿಸಿ ಕುಡಿಸಿದೆ. ಆಸ್ಪತ್ರೆಯಿಂದ ಡಾಕ್ಟರು ಫೋನಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಮಾತು: "ಎಂಟು ದಿನ ಏನಮ್ಮ ಮಾಡ್ತಿದ್ರಿ?" ಹನ್ನೊಂದು ತಿಂಗಳು ಆ ಮಾತನ್ನು ನಾನು ಹೊತ್ತೆ. ನಾನೇ ಕೊಂದೆ ಎಂದು ಪುಸ್ತಕದಲ್ಲಿ ಎಷ್ಟೋ ದಿನ ಬರೆದಿದ್ದೇನೆ.

ಆ ಎಂಟು ದಿನ ನೀನು ದಿನಕ್ಕೆ ಎರಡು ಸಲ ಫೋನ್ ಮಾಡಿದ್ದು ಅವರ ಮೊಬೈಲಿನಲ್ಲಿ ಇನ್ನೂ ಇದೆ. ಸುನಿಲನನ್ನು ಕೇಳಿ ನೋಡಿದೆ, ಹದಿನೇಳು ಸಲ. ನನ್ನ ತಂಗಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಆಗ ಕಾಳಮ್ಮನ ಹತ್ತಿರ ಹೇಳಿಕೊಂಡಿದ್ದೆ.

ಅಂಗಿ ಸುಟ್ಟದ್ದಕ್ಕೆ ನಿನ್ನನ್ನು ಏನೂ ಅನ್ನುವುದಿಲ್ಲ. ಬೆಂಕಿ ಹಚ್ಚಿದ್ದು ನನ್ನ ಕೈ.

ಕಳೆದ ತಿಂಗಳು ಕಾಳಮ್ಮ ಬೇಲಿ ದಾಟಿ ನೇರವಾಗಿ ಒಳಗೆ ಬಂದಳು.

"ನಿನ್ ತಂಗಿ ಬರ್ತಾಳೇನೇ?"

"ಬರಲ್ಲಕ್ಕ."

"ಯಾಕೆ ಅಂತ ನಾ ಕೇಳಲ್ಲ. ಎದ್ದೇಳು."

"ನೀನು ತವರಿನೋಳಲ್ವಲ್ಲ ಕಾಳಕ್ಕ."

"ಅರಕಲಗೂಡಿನ ಬಸ್ಸಲ್ಲೇ ಬಂದೋಳು ನಾನೂ. ನಿಮ್ಮೂರಿಗೂ ನಮ್ಮೂರಿಗೂ ಮಧ್ಯ ಒಂದು ಕೆರೆ. ಅಷ್ಟು ತವರು ಸಾಕು. ಎದ್ದೇಳ್ತೀಯೋ, ಎತ್ಕೊಂಡು ಹೋಗ್ಬೇಕೋ? ಎತ್ಕೊಂಡ್ರೆ ನನ್ ಸೊಂಟ ಹೋಗುತ್ತೆ, ಆಸ್ಪತ್ರೆಗೆ ನೀನೇ ಸೇರಿಸ್ಬೇಕು."

ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೋದಳು. ಬಚ್ಚಲಲ್ಲಿ ಕೂರಿಸಿ ತಲೆಗೆ ಎಣ್ಣೆ ಒತ್ತಿದಳು. ಕೈ ಒರಟು, ನೋವಾಯಿತು. ಬಿಸಿನೀರು ಹಾಕಿದಳು. ಸೊಸೆ ಮುದ್ದೆ, ಹುರುಳಿ ಬಸ್ಸಾರು ಬಡಿಸಿದಳು. ಮೊದಲ ತುತ್ತನ್ನು ಸಾರಿಗೆ ಅದ್ದಿ ಬಾಯಿಗಿಟ್ಟೆ. ಕಾಳಮ್ಮ ಬೇರೆ ಕಡೆ ತಿರುಗಿ ಮೊಮ್ಮಗುವನ್ನು ಬೈಯುತ್ತ ಕೂತಳು, ನಾನು ಅಳುವುದನ್ನು ನೋಡಬಾರದು ಎಂದು. ಮುದ್ದೆ ಪೂರ್ತಿ ಉಂಡೆ.

ಆಮೇಲೆ ಮಂಗಳವಾರ ಕುಶಾಲನಗರದ ಸಂತೆಗೆ ಹೋದೆ. ಒಂದು ಮದುವೆಗೂ ಹೋದೆ, ಹಿಂದಿನ ಸಾಲಿನಲ್ಲಿ ಕೂತು ಬಂದೆ. ಯಾರೂ ಏನೂ ಅನ್ನಲಿಲ್ಲ. ಮೊನ್ನೆ ಹೊಸತೊಡಕಿನ ದಿನ ನಾವು ಒಲೆ ಹಚ್ಚಲಿಲ್ಲ.

ಆದ್ದರಿಂದ ನೀನು ಕರೆಯಲು ಬರಬೇಕಾಗಿಲ್ಲ. ನನ್ನನ್ನು ಕರೆದು ಉಣ್ಣಿಸಿ ಆಯಿತು. ಅದು ಎರಡು ಸಲ ಆಗುವಂಥದ್ದಲ್ಲ.

ನಮ್ಮ ಯಜಮಾನರ ವರ್ಷದ ತಿಥಿ ಪಂಚಾಂಗದ ಪ್ರಕಾರ ಇದೇ ಏಪ್ರಿಲ್ 25ರ ಸೋಮವಾರ ನಮ್ಮ ಮನೆಯಲ್ಲಿ ನಡೆಯುತ್ತದೆ. ಊಟ ಮಧ್ಯಾಹ್ನ ಒಂದು ಗಂಟೆಗೆ. ಕುಶಾಲನಗರದಲ್ಲಿ ಇಳಿದರೆ ಹೆಬ್ಬಾಲೆಗೆ ಬಸ್ಸು ಸಿಗುತ್ತದೆ. ಸ್ಟಾಪಿನಿಂದ ಎಡಗಡೆಯ ರಸ್ತೆ, ಶಾಲೆ ದಾಟಿದಮೇಲೆ ಮೂರನೆಯ ಮನೆ. ದೂರದಿಂದ ಬರುವ ನೆಂಟರು ಸಂಜೆ ನಾಲ್ಕರ ಬಸ್ಸಿಗೆ ಹಿಂತಿರುಗಬಹುದು. ನೀವೂ ನಿಮ್ಮ ಯಜಮಾನರೂ ಬಂದು ಊಟ ಮಾಡಿಕೊಂಡು ಹೋಗಬೇಕು.

ಇತಿ,
ಗಂಗಮ್ಮ ಕೃಷ್ಣಪ್ಪ